ಬೆಲೆ ಪುಸ್ತಕವನ್ನು ಒಪ್ಪದ ಡಾಲಿ

ಡೊಲೊರೆಸ್ ಬಲ್ಚೂನಸ್ ಎಂದು ಕೇಳಿಕೊಂಡು ಬಂದರೆ ಬ್ರಾಡಿಸ್ವಿಲ್ಲಿನಲ್ಲಿ ಯಾರೂ ಮನೆ ತೋರಿಸುವುದಿಲ್ಲ. ಡಾಲಿ ಎನ್ನಬೇಕು. ನೋಟ್‌ಬುಕ್ ಡಾಲಿ ಎಂದರೆ ಬಾಗಿಲವರೆಗೂ ತಂದುಬಿಟ್ಟು ಹೋಗುತ್ತಾರೆ. ಪೆನ್ಸಿಲ್ವೇನಿಯಾದ ಹೆದ್ದಾರಿಯ ಟೋಲ್ ಗೇಟಿನಲ್ಲಿ ಮೂವತ್ತೆರಡು ವರ್ಷ ಕೂತು, ಕಿಟಕಿಯಿಂದ ಕೈ ಚಾಚಿ ಚಾಚಿ ಒಂದು ಭುಜವೇ ಇಳಿದುಹೋದ ಹೆಂಗಸು ಅವಳು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ದಿನಕ್ಕೆ ಸಾವಿರ ಗಂಡಸರು ನನ್ನ ಕೈಗೆ ದುಡ್ಡು ಕೊಟ್ಟು ಮುಖಾನೂ ನೋಡದೆ ಹೋಗ್ತಾರೆ. ಮನೇಲಿ ಬೇರೆ ಒಬ್ಬನ್ನ ಇಟ್ಕೋಬೇಕಾ?"

ನಾಣ್ಯದ ಹುಚ್ಚು ಹತ್ತಿದ್ದು ಆ ಕಿಟಕಿಯಲ್ಲೇ. ಬೆಳ್ಳಿಯ ನಾಣ್ಯಗಳು ಇನ್ನೂ ಓಡಾಡುತ್ತಿದ್ದ ಕಾಲ. ಅಂಗೈಗೆ ಬಿದ್ದ ಕೂಡಲೇ, ಕಣ್ಣು ಮುಂದಿನ ಕಾರಿನ ಮೇಲಿದ್ದರೂ, ಬೆರಳಿಗೆ ಗೊತ್ತಾಗುತ್ತಿತ್ತು ಇದು ಬೇರೆ ಎಂದು. ತನ್ನ ಜೇಬಿನಿಂದ ಒಂದು ಹಾಕಿ ಅದನ್ನು ತೆಗೆದಿಟ್ಟುಕೊಳ್ಳುವಳು. ಅಲ್ಲಿಂದ ಶುರುವಾಗಿ, ಬೆಂಕಿ ಆರಿಸುವ ದಳದವರ ಫೈರ್ ಹಾಲಿನ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರುವ ನಾಣ್ಯ ಕ್ಲಬ್ಬಿಗೆ ಬಂದು ಕೂತಳು. ಆಗ ಅಲ್ಲಿದ್ದವರೆಲ್ಲ ಗಂಡಸರು. ಗಣಿಯಿಂದ ನಿವೃತ್ತರಾದವರು, ಬಸ್ ಓಡಿಸುವವರು, ಒಬ್ಬ ಕ್ಷೌರಿಕ, ಒಬ್ಬ ನಾಣ್ಯದ ವ್ಯಾಪಾರಿ. ಎಲ್ಲರ ಕಂಕುಳಲ್ಲೂ ಬೆಲೆ ಪುಸ್ತಕ.

ಈ ಪುಸ್ತಕ ವರ್ಷಕ್ಕೊಂದು ಬರುತ್ತದೆ. ಯಾವ ನಾಣ್ಯ, ಯಾವ ಇಸವಿ, ಎಷ್ಟು ಸವೆದಿದ್ದರೆ ಎಷ್ಟು ಡಾಲರ್, ಎಲ್ಲ ಸಾಲಾಗಿ ಅಚ್ಚಾಗಿರುತ್ತದೆ. ನಮ್ಮ ಕ್ಲಬ್ಬಿನವರು ಚರ್ಚಿಗೆ ಹೋಗುವಾಗ ಕನ್ನಡಕ ಮರೆತಾರು, ಕ್ಲಬ್ಬಿಗೆ ಬರುವಾಗ ಇದನ್ನು ಮರೆಯುವುದಿಲ್ಲ. ದಿನಾ ಕೈ ಬದಲಾಯಿಸುವ ನಾಣ್ಯಕ್ಕೆ ಅದರ ಮಾತು ಸರಿಯೇ. ತೊಂದರೆ ಇರುವುದು ಹತ್ತು ವರ್ಷಕ್ಕೊಮ್ಮೆ ಮುಖ ತೋರಿಸುವ ನಾಣ್ಯದಲ್ಲಿ. ಮಾರಾಟವೇ ಆಗದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು? ಪುಸ್ತಕದವರೂ ಮನುಷ್ಯರೇ. ಹೋದ ವರ್ಷದ ಅಂಕಿಗೆ ಇಪ್ಪತ್ತೋ ಮೂವತ್ತೋ ಸೇರಿಸಿ ಅಚ್ಚಿಗೆ ಕೊಡುತ್ತಾರೆ. ಇದನ್ನು ಡಾಲಿ ಹೇಳಿದಾಗಲೆಲ್ಲ ಗಂಡಸರು ನಗುತ್ತಿದ್ದರು. ನಕ್ಕರೆ ನಗಲಿ ಎಂದು ಅವಳು ತನ್ನದೇ ಒಂದು ನೋಟ್‌ಬುಕ್ ಶುರು ಮಾಡಿದಳು.

ಹಳೆಯ ಅರ್ಧ ಡಾಲರುಗಳು ಅವಳ ಪ್ರೀತಿಯ ವಿಷಯ. ಸಾವಿರದ ಎಂಟುನೂರ ಇಪ್ಪತ್ತರ ದಶಕದಲ್ಲಿ ನಾಣ್ಯ ಒತ್ತುವ ಅಚ್ಚುಗಳನ್ನು ಕೈಯಿಂದ ತಿದ್ದುತ್ತಿದ್ದರು. ಒಂದು ಅಚ್ಚಿನಲ್ಲಿದ್ದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಯಾವುದೋ ಅಚ್ಚು ಕೆಲಸಕ್ಕೆ ಹತ್ತಿದ ನಾಲ್ಕೇ ದಿನಕ್ಕೆ ಸೀಳಿಹೋದರೆ ಅದರಿಂದ ಬಂದ ನಾಣ್ಯ ಬಹಳ ಕಡಿಮೆ. ಅಂಥ ಒಂದನ್ನು ಡಾಲಿ ಬೆನ್ನು ಹತ್ತಿದ್ದಳು. ನಾಣ್ಯದ ಮೇಲಿನ ಹೆಣ್ಣಿನ ಮುಖದ ಸುತ್ತ ಇರುವ ನಕ್ಷತ್ರಗಳಲ್ಲಿ ಎಡಗಡೆಯ ಕೊನೆಯದು ಅಂಚಿಗೆ ಅಂಟಿಕೊಂಡಂತೆ ಕೂತಿರುವ ಅರ್ಧ ಡಾಲರ್. ಅದು ಯಾವ ಹರಾಜಿನಲ್ಲಿ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆದು, ಹರಾಜಿನ ಪಟ್ಟಿಯಿಂದ ಅದರ ಚಿತ್ರ ಕತ್ತರಿಸಿ ಅಂಟಿಸುವಳು. ಇಷ್ಟೇ ಆಗಿದ್ದರೆ ಹೇಳುವಂಥದ್ದೇನಿಲ್ಲ. ನಾಣ್ಯಗಾರರ ವಾರಪತ್ರಿಕೆಯ ಹಿಂದಿನ ಪುಟದಲ್ಲಿ 'ಬೇಕಾಗಿದೆ' ಎಂದು ಸಣ್ಣಕ್ಷರದ ಜಾಹೀರಾತುಗಳು ಬರುತ್ತವಲ್ಲ, ಅವನ್ನೂ ಬರೆದಿಡುತ್ತಿದ್ದಳು. ಯಾರಿಗೆ ಬೇಕು, ಎಂದಿನಿಂದ ಕೇಳುತ್ತಿದ್ದಾರೆ, ಕೇಳುವುದನ್ನು ನಿಲ್ಲಿಸಿದರೋ ಇಲ್ಲವೋ. ಬೆಲೆ ಪುಸ್ತಕದಲ್ಲಿ ಕೊಂಡವರ ಲೆಕ್ಕ ಇರುತ್ತದೆ, ಕಾದವರ ಲೆಕ್ಕ ಇರುವುದಿಲ್ಲ.

ಕ್ಲಬ್ಬಿನ ಕ್ಷೌರಿಕ ಸ್ಟೀವ್ ಹುಡಾಕ್ ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಒಂದು ಹಳೇ ಸಾಮಾನಿನ ಸಂತೆಯಲ್ಲಿ ನಲವತ್ತು ಡಾಲರ್ ಕೊಟ್ಟು ಒಂದು ಅರ್ಧ ಡಾಲರ್ ತಂದಿದ್ದ. ಡಾಲಿ ಭೂತಗನ್ನಡಿ ಇಟ್ಟು ನೋಡಿದಳು. ನಕ್ಷತ್ರ ಅಂಚಿಗೆ ಅಂಟಿಕೊಂಡಿತ್ತು.

"ಸ್ಟೀವ್, ಇದನ್ನ ಯಾರು ಕೇಳಿದ್ರೂ ಕೊಡ್ಬೇಡ ಕಣೋ."

"ಪುಸ್ತಕದಲ್ಲಿ ಅರವತ್ತು ಅಂತಿದೆಯಲ್ಲೇ."

"ಪುಸ್ತಕ ಬರೆದೋನು ಇದನ್ನ ಕಣ್ಣಲ್ಲೇ ನೋಡಿಲ್ಲ."

ಸ್ಟೀವ್ ನಕ್ಕ. ಆದರೆ ಕೊಡಲಿಲ್ಲ. ಇಪ್ಪತ್ತೆರಡು ವರ್ಷ ಇಟ್ಟುಕೊಂಡು, ತೊಂಬತ್ತಮೂರರ ಚಳಿಗಾಲದಲ್ಲಿ ಹೃದಯ ನಿಂತು ತೀರಿಕೊಂಡ.

ಅವನ ಹೆಂಡತಿ ಐರೀನ್‌ಗೆ ಅರವತ್ತಾರು. ಅವಳ ನಟ್ ರೋಲ್ ಬಗ್ಗೆ ಹೇಳದಿದ್ದರೆ ಪಾಪ ಬರುತ್ತದೆ. ಆಕ್ರೋಟು ಅರೆದು, ಜೇನು ಬೆರೆಸಿ, ಹಾಳೆಯಷ್ಟು ತೆಳ್ಳಗೆ ಲಟ್ಟಿಸಿದ ಹಿಟ್ಟಿನಲ್ಲಿ ಸುತ್ತಿ ಬೇಯಿಸುತ್ತಾಳೆ. ಕ್ರಿಸ್‌ಮಸ್ಸಿಗೆ, ಈಸ್ಟರಿಗೆ ಅರ್ಧ ಊರು ಅವಳ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿರುತ್ತಿತ್ತು. ಗಂಡ ಬಾಡಿಗೆಗೆ ನಡೆಸುತ್ತಿದ್ದ ಕ್ಷೌರದಂಗಡಿಯ ಕಟ್ಟಡ ಈಗ ಮಾರಾಟಕ್ಕೆ ಬಂತು. ಹದಿನೇಳು ಸಾವಿರ. ಐರೀನ್ ಕೈಯಲ್ಲಿ ಹನ್ನೆರಡು ಇತ್ತು. ಮನೆಯವರೆಲ್ಲ ಸುಮ್ಮನೆ ಕೂತು ಟಿವಿ ನೋಡು ಎಂದರು. ಅವಳು ಬೇಕರಿ ಹಾಕುತ್ತೇನೆ ಎಂದಳು. ಮಾಲೀಕ ಮಾರ್ಚ್ ಕೊನೆಯ ತನಕ ಗಡುವು ಕೊಟ್ಟ. ಅದರಾಚೆ ವಿಡಿಯೊ ಕ್ಯಾಸೆಟ್ ಅಂಗಡಿ ಇಡುವವನೊಬ್ಬ ತುದಿಗಾಲಲ್ಲಿ ನಿಂತಿದ್ದ.

ಹಾಗಾಗಿ ಫೆಬ್ರವರಿಯ ಒಂದು ಬೆಳಿಗ್ಗೆ ಐರೀನಳ ಅಡುಗೆಮನೆಯ ಮೇಜಿನ ಮೇಲೆ ಸ್ಟೀವ್‌ನ ನಾಣ್ಯಗಳೆಲ್ಲ ಹರಡಿದ್ದವು. ಒಂದು ಕಡೆ ಕ್ಲಬ್ಬಿನ ವ್ಯಾಪಾರಿ ರಸ್ ಫೆನ್‌ಸ್ಟರ್‌ಮೇಕರ್, ಇನ್ನೊಂದು ಕಡೆ ಡಾಲಿ. ರಸ್ ಮೋಸಗಾರನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಪುಸ್ತಕವನ್ನು ನಂಬಿದವನು, ಅಷ್ಟೇ. ಅದು ಮೋಸಕ್ಕಿಂತ ಕಷ್ಟದ ಕಾಯಿಲೆ.

"ಎಲ್ಲಾ ಸೇರಿ ಐದು ಸಾವಿರ ಐರೀನ್," ಎಂದ ರಸ್. "ಈ ಅರ್ಧ ಡಾಲರ್‌ಗೆ ಪುಸ್ತಕದಲ್ಲಿ ಆರುನೂರೈವತ್ತಿದೆ, ನಾನು ಏಳ್ನೂರು ಹಿಡಿದಿದೀನಿ. ಸ್ಟೀವ್ ಮುಖ ನೋಡಿ ಐವತ್ತು ಜಾಸ್ತಿ."

"ಸ್ಟೀವ್ ಮುಖ ನೋಡೋಕೆ ಸ್ಮಶಾನಕ್ಕೆ ಹೋಗ್ಬೇಕು," ಎಂದಳು ಡಾಲಿ. "ನೀನು ನಾಣ್ಯದ ಮುಖ ನೋಡು ರಸ್. ಆರುನೂರೈವತ್ತು ಎಲ್ಲಿಂದ ಬಂತು ಗೊತ್ತಾ ನಿಂಗೆ?"

"ಮಾರಾಟ ಆಗಿದೆ, ಬಂದಿದೆ. ಇಪ್ಪತ್ತು ವರ್ಷದಲ್ಲಿ ಐದು ಹರಾಜಿಗೆ ಬಂದಿದೆ ಇದು. ಅಂಥಾ ಅಪರೂಪ ಏನಲ್ಲ ಬಿಡು."

ಡಾಲಿ ನೋಟ್‌ಬುಕ್ ತೆರೆದು ಅವನ ಮುಂದೆ ತಳ್ಳಿದಳು. ಐದು ಚಿತ್ರಗಳು ಒಂದರ ಪಕ್ಕ ಒಂದು. "ತಗೋ ಭೂತಗನ್ನಡಿ. ಕೆನ್ನೆ ಮೇಲೆ ಗೀರಿದೆಯಾ? ಎರಡನೇದರಲ್ಲೂ ಇದೆಯಾ? ಕೆಳಗಡೆ ಅಂಚಲ್ಲಿ ಒಂದು ತಗ್ಗು, ನೋಡು. ಐದರಲ್ಲೂ ಅಲ್ಲೇ ಇದೆ."

ರಸ್ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

"ಐದು ನಾಣ್ಯ ಅಲ್ಲ ಕಣೋ. ಒಂದೇ ನಾಣ್ಯ ಐದು ಸಲ. ಯಾರೋ ಪುಣ್ಯಾತ್ಮ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ಹಾಳ್ ಮಾಡಿದಾನೆ. ಕೊಂಡವನಿಗೆಲ್ಲ ನಾಲ್ಕು ವರ್ಷಕ್ಕೆ ಬೇಜಾರು, ಮತ್ತೆ ಹರಾಜಿಗೆ. ಒಳ್ಳೇ ನಾಣ್ಯ ಇರೋನು ಒಬ್ಬನೂ ಹರಾಜಿಗೆ ಕಳ್ಸಿಲ್ಲ, ಕೊಡೋಕೆ ಅವನಿಗೇನು ತಲೆ ಕೆಟ್ಟಿದೆಯಾ? ಪುಸ್ತಕದಲ್ಲಿರೋದು ಆ ಒಂದು ಹಾಳು ನಾಣ್ಯದ ಬೆಲೆ. ಇನ್ನೊಂದು ಹೇಳ್ಲಾ? ಮೂರನೇ ಸಲ ಅದನ್ನ ಹರಾಜಿಗೆ ಹಾಕಿದ್ದು ನೀನೇ. ಎಂಬತ್ತೊಂದರಲ್ಲಿ."

ರಸ್‌ನ ಕಿವಿ ಕೆಂಪಾಯಿತು. ಐರೀನ್ ಕಾಫಿ ಬಗ್ಗಿಸುವ ನೆವದಲ್ಲಿ ಬೆನ್ನು ತಿರುಗಿಸಿ ನಕ್ಕಳು.

"ಇರಬಹುದು," ಎಂದ ರಸ್, ಕೊನೆಗೆ. "ಆದ್ರೆ ಕೊಳ್ಳೋನೂ ಅದೇ ಪುಸ್ತಕ ನೋಡ್ಕೊಂಡೇ ಬರ್ತಾನೆ ಡಾಲಿ. ನಿನ್ನ ನೋಟ್‌ಬುಕ್ ಓದ್ಕೊಂಡು ಯಾವನೂ ಬರಲ್ಲ. ಐರೀನ್, ನನ್ನದು ಐದು ಸಾವಿರ, ಎಲ್ಲಾ ಒಟ್ಟಿಗೆ. ಇದೊಂದನ್ನ ತೆಗೆದಿಟ್ಟರೆ ಉಳಿದಿದ್ದು ನಂಗೂ ಬೇಡ. ಶುಕ್ರವಾರದವರೆಗೆ ಕಾಯ್ತೀನಿ."

ಅವನು ಹೋದ ಮೇಲೆ ಇಬ್ಬರೂ ಲೆಕ್ಕ ಹಾಕಿದರು. ಐದು ಸಾವಿರ ಎಂದರೆ ಅಂಗಡಿ ಕೈಗೆ ಬಂದ ಹಾಗೆಯೇ. ಬೇಡವೆಂದರೆ ಉಳಿದ ದಾರಿ ಒಂದೇ, ಮಾರ್ಚ್ ಮೂರನೇ ಭಾನುವಾರದ ಕ್ಲಬ್ಬಿನ ಹರಾಜು. ಅಲ್ಲಿ ಸಾಧಾರಣ ನಾಣ್ಯಕ್ಕೆ ಪುಸ್ತಕದಷ್ಟು ಬೆಲೆ ಯಾವತ್ತೂ ಬರುವುದಿಲ್ಲ, ಮಿಕ್ಕವು ಮೂರು ಸಾವಿರ ತಂದಾವು. ಈ ಅರ್ಧ ಡಾಲರ್ ಪುಸ್ತಕದ ಬೆಲೆಗೇ ಹೋದರೆ ಸಾವಿರಕ್ಕಿಂತ ಹೆಚ್ಚೇ ಕೊರತೆ ಬೀಳುತ್ತದೆ, ಅಂಗಡಿ ಕ್ಯಾಸೆಟ್ಟಿನವನ ಪಾಲಾಗುತ್ತದೆ.

"ನಿಂಗೆ ಗ್ಯಾರಂಟಿನಾ ಡಾಲಿ?"

"ಗ್ಯಾರಂಟಿ ಇಲ್ಲ. ಲೆಕ್ಕ ಇದೆ. ಹನ್ನೊಂದು ಜನ ಈ ನಾಣ್ಯ ಬೇಕು ಅಂತ ಪೇಪರಲ್ಲಿ ಹಾಕಿಸ್ತಾನೇ ಇದಾರೆ. ಒಬ್ಬ ಹತ್ತೊಂಬತ್ತು ವರ್ಷದಿಂದ. ಹನ್ನೊಂದು ಜನಕ್ಕೂ ಕಾಗದ ಬರೀತೀನಿ."

"ಯಾರೂ ಬರದೇ ಹೋದ್ರೆ?"

ಡಾಲಿ ಹನ್ನೊಂದು ಹೆಸರಿರುವ ಪುಟ ತೆರೆದು ಅವಳ ಮುಂದಿಟ್ಟಳು.

ಐರೀನ್ ಲೋಟ ತಿರುಗಿಸುತ್ತ ಕೂತಿದ್ದಳು. "ನಂಗೆ ಇನ್ನೊಂದು ಅಂಗಡಿ ಸಿಗಲ್ಲ ಕಣೇ. ಅಷ್ಟು ದಿನ ಉಳಿದಿಲ್ಲ ನಂಗೆ." ಆಮೇಲೆ ಹೇಳಿದಳು: "ಎಲ್ರೂ ನಿನ್ನ ಆಡ್ಕೊಂಡು ನಕ್ಕರು. ನನ್ನ ಗಂಡನೂ ನಕ್ಕ. ಆದ್ರೂ ನೀನು ಬೇಡ ಅಂದಿದ್ದಕ್ಕೇ ಅದನ್ನ ಅವನು ಮಾರಲಿಲ್ಲ. ಆಯ್ತು, ಬರಿ ಕಾಗದ."

ಡಾಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವವನ ಹತ್ತಿರ ನಾಣ್ಯದ ಫೋಟೊ ತೆಗೆಸಿದಳು. ಎರಡೂ ಮಗ್ಗುಲು, ಹನ್ನೊಂದು ಪ್ರತಿ. ಕಾಗದದಲ್ಲಿ ಹೊಗಳಿಕೆ ಇಲ್ಲ, ಬೆಲೆಯೂ ಇಲ್ಲ. ಹರಾಜಿಗೆ ಬಂದ ಐದೂ ಒಂದೇ ನಾಣ್ಯ, ಇದು ಅದಲ್ಲ, ಇದನ್ನು ಯಾರೂ ತಿಕ್ಕಿಲ್ಲ, ಇಂಥ ದಿನ ಫೈರ್ ಹಾಲಿನಲ್ಲಿ ಹರಾಜು, ಮಧ್ಯಾಹ್ನ ಆಲೂಗಡ್ಡೆ ತುಂಬಿದ ಕಡುಬು, ಪಿರೋಗಿ, ಸಿಗುತ್ತದೆ. ಇಷ್ಟೇ.

ನಾಲ್ಕು ಉತ್ತರ ಬಂದವು. ಒಬ್ಬನಿಗೆ ಕಣ್ಣಿನ ಆಪರೇಷನ್. ಒಬ್ಬಳು ಎಲ್ಲವನ್ನೂ ಮಾರಿ ಈಗ ಆರ್ಕಿಡ್ ಬೆಳೆಸುತ್ತಾಳಂತೆ. ಒಬ್ಬ ಬೆಲೆ ಪುಸ್ತಕದಲ್ಲಿ ಆರುನೂರೈವತ್ತು ಇದೆಯಲ್ಲ, ಅಷ್ಟಕ್ಕೇ ಕಳಿಸಿಬಿಡಿ ಎಂದು ಬರೆದಿದ್ದ. ಅವನ ಹೆಸರಿನ ಮೇಲೆ ಡಾಲಿ ಎರಡು ಸಲ ಅಡ್ಡಗೆರೆ ಎಳೆದಳು. ವರ್ಮಾಂಟಿನ ದನದ ಡಾಕ್ಟರ್ ಎಲ್‌ವುಡ್ ಪ್ರೌಟಿ ಒಬ್ಬನೇ ಬರುತ್ತೇನೆ ಎಂದು ಬರೆದ. ಮಿಕ್ಕ ಏಳು ಜನರಿಂದ ಸುದ್ದಿಯೇ ಇಲ್ಲ.

ಒಬ್ಬ ಬಂದರೆ ಏನೂ ಪ್ರಯೋಜನವಿಲ್ಲ, ಅದು ಡಾಲಿಗೆ ಗೊತ್ತು. ಹರಾಜಿನಲ್ಲಿ ಎಷ್ಟೇ ಆಸೆಯಿದ್ದವನೂ ಎದುರಾಳಿಗಿಂತ ಒಂದು ಮೆಟ್ಟಿಲು ಮೇಲೆ ಕೂಗಿದರೆ ಸಾಕು. ಬೆಲೆ ಏರಬೇಕಾದರೆ ಇಬ್ಬರು ಬೇಕು.

ಆ ಭಾನುವಾರ ಡಾಲಿ ಚರ್ಚಿನ ಪೂಜೆ ಮುಗಿಸಿಕೊಂಡು ಬಂದಾಗ ಫೈರ್ ಹಾಲಿನ ಮೆಟ್ಟಿಲ ಮೇಲೆ ಇನ್ನೂ ಹಿಮ ಇತ್ತು. ಒಳಗೆ ಬೆಣ್ಣೆಯಲ್ಲಿ ಬಾಡಿದ ಈರುಳ್ಳಿಯ ವಾಸನೆ. ಅರವತ್ತು ಕುರ್ಚಿ ತುಂಬಿದ್ದವು. ವರ್ಮಾಂಟಿನವನು ಹಿಂದಿನ ಸಾಲಿನಲ್ಲಿ ಕೋಟು ತೆಗೆಯದೆ ಕೂತಿದ್ದ. ಡಾಲಿ ಬಾಗಿಲನ್ನೇ ನೋಡಿದಳು. ಬಂದವರೆಲ್ಲ ಗುರುತಿನವರೇ. ಗುರುತಿಲ್ಲದವನು ಎಂದರೆ ಅಡುಗೆ ಕಿಟಕಿಯ ಹತ್ತಿರ ಮೂರನೇ ತಟ್ಟೆ ಪಿರೋಗಿ ಹಾಕಿಸಿಕೊಳ್ಳುತ್ತಿದ್ದ ಒಬ್ಬ ದಪ್ಪ ಮನುಷ್ಯ. ಅವನು ಬೆಳಿಗ್ಗೆಯಿಂದ ಅಲ್ಲೇ ಇದ್ದಾನಂತೆ, ಬೆಂಚು ಎತ್ತಿಡಲು ಕೈ ಜೋಡಿಸಿ, ಲಾಟರಿ ಚೀಟಿಯನ್ನೂ ಕೊಂಡಿದ್ದಾನಂತೆ. ಪಕ್ಕದೂರಿನ ಬೆಂಕಿ ಆರಿಸುವ ದಳದವನು ಎಂದು ಎಲ್ಲರೂ ತಿಳಿದರು, ಡಾಲಿಯೂ ತಿಳಿದಳು.

ಹರಾಜು ಕೂಗುವವನು ಕ್ಲಬ್ಬಿನ ಅಧ್ಯಕ್ಷ ಲಿಯೊ. ಮೊದಲ ನಲವತ್ಮೂರು ನಾಣ್ಯ ಮುಗಿಯುವ ಹೊತ್ತಿಗೆ ಐರೀನಳ ಲೆಕ್ಕ ಎರಡು ಸಾವಿರದ ಒಂಬೈನೂರಕ್ಕೆ ನಿಂತಿತ್ತು. ಅವಳು ಡಾಲಿಯ ಪಕ್ಕದಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾದವಳಂತೆ ನೆಟ್ಟಗೆ ಕೂತಿದ್ದಳು.

"ನಲವತ್ನಾಲ್ಕು. ನಮ್ಮ ಸ್ಟೀವ್‌ದು," ಎಂದ ಲಿಯೊ. "ಮುನ್ನೂರರಿಂದ ಶುರು ಮಾಡೋಣ."

ಅರವತ್ತು ಪುಸ್ತಕದ ಪುಟಗಳು ಸರಸರ ಮಗುಚಿದವು. ಇದು ನಮ್ಮವರ ಜನ್ಮಕ್ಕೆ ಅಂಟಿದ ಚಾಳಿ. ನಾಣ್ಯ ಕಣ್ಣೆದುರಿಗೇ ಇರುತ್ತದೆ, ಇವರು ಪುಸ್ತಕದೊಳಗೆ ಅದನ್ನು ಹುಡುಕುತ್ತಾರೆ. ಬೆರಳು ಆ ಸಾಲಿಗೆ ತಾಗಿದ ಮೇಲೆ ಕೈಗಳು ಎದ್ದವು. ನಾನೂರು. ಐನೂರು. ಆರುನೂರಕ್ಕೆ ಮೂರೇ ಕೈ. ಆರುನೂರೈವತ್ತು ಬಂದ ಕೂಡಲೇ ಯಾರೋ ಹಗ್ಗ ಎಳೆದಂತೆ ಎಲ್ಲ ಕೈ ಕೆಳಗೆ. ರಸ್ ಒಬ್ಬನೇ ಏಳ್ನೂರು ಎಂದ. ಪಾಪ, ಅಡುಗೆಮನೆಯಲ್ಲಿ ಆಡಿದ ಮಾತಿಗೆ ತಪ್ಪಲಿಲ್ಲ.

"ಏಳ್ನೂರೈವತ್ತು," ಎಂದ ವರ್ಮಾಂಟಿನ ಡಾಕ್ಟರ್, ಮೆಲ್ಲಗೆ.

ರಸ್ ಪುಸ್ತಕ ನೋಡಿದ, ತಲೆಯಾಡಿಸಿ ಕೂತ.

"ಏಳ್ನೂರೈವತ್ತು, ಒಂದ್ಸಾರಿ," ಎಂದ ಲಿಯೊ.

ಮೂವತ್ತು ವರ್ಷದ ಬರವಣಿಗೆ ವ್ಯರ್ಥವಾದದ್ದಕ್ಕಿಂತ ಡಾಲಿಯನ್ನು ಚುಚ್ಚಿದ್ದು ಪಕ್ಕದಲ್ಲಿದ್ದ ಆ ಕೈಚೀಲ. ಐರೀನ್ ಅದರ ಹಿಡಿಯನ್ನು ಮೆಲ್ಲಗೆ ಮಡಚಿ ಎದ್ದುಹೋಗಲು ಸಿದ್ಧವಾಗುತ್ತಿದ್ದಳು.

"ಎರಡ್ಸಾರಿ."

"ಸಾವಿರ," ಎಂದಿತು ತುಂಬಿದ ಬಾಯಿಯ ದನಿ.

ಎಲ್ಲರೂ ತಿರುಗಿದರು. ಅಡುಗೆ ಕಿಟಕಿಯ ಹತ್ತಿರದ ದಪ್ಪ ಮನುಷ್ಯ ಪಿರೋಗಿ ಚುಚ್ಚಿದ ಫೋರ್ಕನ್ನು ಮೇಲೆತ್ತಿ ಹಿಡಿದಿದ್ದ. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬಾಯಿ ಒರೆಸಿಕೊಂಡು, ಮುಂದೆ ಬಂದ. ಡಾಲಿಗೆ ಆಗ ಹೊಳೆಯಿತು. ನಿಜವಾದ ನಾಣ್ಯಗಾರ ತನಗೆ ಬೇಕಾದ್ದರ ಹತ್ತಿರ ಸುಳಿಯುವುದೇ ಇಲ್ಲ. ಎಲ್ಲರಿಗಿಂತ ದೂರ ಕೂತು ಪಿರೋಗಿ ತಿನ್ನುತ್ತಾನೆ.

"ಎರಡು ಸಾವಿರ," ಎಂದ ವರ್ಮಾಂಟಿನವನು. ಈಗ ಕೋಟು ತೆಗೆದ.

"ಮೂರು."

"ನಾಲ್ಕು."

ಪುಸ್ತಕಗಳು ಒಂದೊಂದಾಗಿ ಮುಚ್ಚಿಕೊಂಡವು. ಐದು ಸಾವಿರಕ್ಕೆ ಐರೀನ್ ಡಾಲಿಯ ಮುಂಗೈ ಹಿಡಿದಳು. ಒಂಬತ್ತಕ್ಕೆ ಉಗುರು ಊರಿತು. ಹನ್ನೆರಡಕ್ಕೆ ಅಡುಗೆಯ ಹೆಂಗಸರು ಒಲೆ ಆರಿಸಿ ಹೊರಗೆ ಬಂದು ನಿಂತರು. ಹದಿನೈದಕ್ಕೆ ಲಿಯೊ ನೀರು ಕುಡಿದು, "ಸಾರ್, ನೀವು ಕೂಗ್ತಿರೋದು ಡಾಲರ್ ತಾನೇ?" ಎಂದು ಕೇಳಿದ. ಸಭೆ ನಕ್ಕಿತು. ಅವರಿಬ್ಬರು ಮಾತ್ರ ನಗಲಿಲ್ಲ.

"ಹದಿನೆಂಟು," ಎಂದ ಡಾಕ್ಟರ್. ದನಿ ಒಡೆದಿತ್ತು.

"ಹದಿನೆಂಟೂವರೆ."

ಡಾಕ್ಟರ್ ತಲೆ ತಗ್ಗಿಸಿದ. ಲಿಯೊ ಮೂರು ಸಾರಿ ಎಂದು ಸುತ್ತಿಗೆ ಬಡಿದಾಗ ಗಣಿಯ ಮುದುಕರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ನೆಲಮಾಳಿಗೆಯಲ್ಲಿ ಯಾರಿಗೂ ಯಾರೂ ಎದ್ದು ನಿಂತಿದ್ದಿಲ್ಲ. ಅವರು ತಟ್ಟಿದ್ದು ಕೊಂಡವನಿಗಲ್ಲ, ಎಲ್ಲರ ಮುಖ ಡಾಲಿಯ ಕಡೆಗಿತ್ತು. ಅವಳು ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಬೂಟು ನೋಡಿಕೊಂಡಳು. ಐರೀನ್ ಅವಳ ಕುತ್ತಿಗೆಗೆ ಬಿದ್ದು, "ಒಲೆ ಹೊಸದೇ ತಗೋತೀನಿ ಕಣೇ, ಹಳೇದು ಬೇಡ," ಎಂದು ಅಳುತ್ತ ಹೇಳಿದಳು.

ದಪ್ಪ ಮನುಷ್ಯ ಇಂಡಿಯಾನಾದವನು, ಚರ್ಚುಗಳ ಆರ್ಗನ್ ರಿಪೇರಿ ಮಾಡುವವನು, ಹಾರ್ಲನ್ ಬ್ರಿಗ್ಸ್. ಹತ್ತೊಂಬತ್ತು ವರ್ಷ ಜಾಹೀರಾತು ಹಾಕಿದವನು ಅವನೇ. "ನಿಮ್ಮ ಕಾಗದ ಬಂದ ದಿನ ನಮ್ಮ ಮನೆಯವಳಿಗೆ ಹೇಳ್ದೆ, ಇದನ್ನ ಬರೆದವರಿಗೆ ನಾಣ್ಯ ಗೊತ್ತು ಅಂತ," ಎಂದ. "ಉತ್ತರ ಬರೆದಿದ್ರೆ ನಾನು ಬರ್ತೀನಿ ಅಂತ ನಿಮಗೆ ಗೊತ್ತಾಗ್ತಿತ್ತು, ನಿಮ್ಮಿಂದ ಬೇರೆಯವರಿಗೂ, ಅದಕ್ಕೇ ಬರೀಲಿಲ್ಲ. ತಪ್ಪು ತಿಳ್ಕೋಬೇಡಿ."

"ನಿಮ್ಮಿಂದ ನನ್ನ ಆಯಸ್ಸು ಐದು ವರ್ಷ ಕಡಿಮೆ ಆಯ್ತು," ಎಂದಳು ಡಾಲಿ. "ಪಿರೋಗಿ ಇನ್ನೆರಡು ಹಾಕಿಸ್ಕೊಳ್ಳಿ."

ಕುರ್ಚಿ ಮಡಚುವ ಹೊತ್ತಿಗೆ ರಸ್ ಬಂದು ನಿಂತ. ಟೋಪಿ ಕೈಯಲ್ಲಿತ್ತು. "ನಾನು ಅವಳ ಹತ್ರ ಅದನ್ನ ಏಳ್ನೂರಕ್ಕೆ ತಗೊಂಡ್‌ಬಿಡ್ತಿದ್ದೆ ಡಾಲಿ. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡೇ ತಗೋತಿದ್ದೆ."

"ಗೊತ್ತು ಕಣೋ."

"ಆ ನೋಟ್‌ಬುಕ್ ಒಂದಿನ ನಂಗೆ ತೋರಿಸ್ತೀಯಾ?"

ತೋರಿಸಿದಳು. ಒಂದಲ್ಲ, ಹದಿನಾಲ್ಕು ನೋಟ್‌ಬುಕ್ ಇದ್ದವು. ರಸ್ ಮೂರು ಭಾನುವಾರ ಅವಳ ಮನೆಯಲ್ಲಿ ಕೂತು ಓದಿ, ಕೊನೆಗೆ ಬೆಲೆ ಪುಸ್ತಕದವರಿಗೆ ತಾನೇ ಕಾಗದ ಬರೆದ. ಅವರು ಐದು ಚಿತ್ರಗಳ ನಕಲು ತರಿಸಿಕೊಂಡರು. ಆಮೇಲೆ ಸುದ್ದಿಯಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಐರೀನಳ ಬೇಕರಿ ತೆರೆಯಿತು. ಸಾಲು ಬಾಗಿಲು ದಾಟಿ ಬ್ಯಾಂಕಿನ ಮೂಲೆಯವರೆಗೆ ಹೋಗಿತ್ತು. ಡಾಲಿ ಗಲ್ಲಾಪೆಟ್ಟಿಗೆಯಲ್ಲಿ ಕೂತು, ಹಳೇ ಅಭ್ಯಾಸಬಲದಿಂದ ನೋಟಿಗೆ ಕೈ ಚಾಚುತ್ತ, ಚಿಲ್ಲರೆ ಕೊಡುತ್ತ ಇದ್ದಳು. ರಸ್ ಸಾಲು ಮುರಿದು ಒಳನುಗ್ಗಿದ. ಬೈಗುಳ ಬಿದ್ದವು. ಅವನ ಕೈಯಲ್ಲಿ ಹೊಸ ವರ್ಷದ ಬೆಲೆ ಪುಸ್ತಕ, ನಡುವೆ ಬೆರಳಿಟ್ಟಿದ್ದ.

"ನೋಡು."

ಡಾಲಿ ಕನ್ನಡಕ ಏರಿಸಿದಳು. ಅದೇ ಅರ್ಧ ಡಾಲರಿನ ಸಾಲು. ಹೋದ ವರ್ಷ ಆರುನೂರೈವತ್ತು ಇದ್ದ ಜಾಗದಲ್ಲಿ ಅಂಕಿ ಇರಲಿಲ್ಲ. ಒಂದು ಸಣ್ಣ ಅಡ್ಡಗೀಟು ಮಾತ್ರ ಇತ್ತು.

ಐರೀನ್ ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. "ಏನೇ ಇದು, ಬೆಲೆನೇ ಇಲ್ಲ? ಹದಿನೆಂಟೂವರೆ ಸಾವಿರ ಅಂತ ಹಾಕ್ಬೇಕಿತ್ತಲ್ವಾ?"

"ಹಾಕಿದ್ರೆ ಅದೂ ಸುಳ್ಳಾಗ್ತಿತ್ತು. ಅದು ಆ ದಿನ, ಆ ಇಬ್ಬರು, ಆ ಒಂದು ನಾಣ್ಯ." ಡಾಲಿಯ ದನಿ ಸಣ್ಣಗಾಯಿತು. "ಗೊತ್ತಿಲ್ಲದೇ ಇದ್ರೆ ಅಡ್ಡಗೀಟು ಹಾಕ್ತಾರೆ ಐರೀನ್. ನಮಗೆ ಗೊತ್ತಿಲ್ಲ ಅಂತ ಒಪ್ಕೊಂಡಿದಾರೆ."

ಅವಳು ನಕ್ಕಳು. ನಗುತ್ತಲೇ ಅಳು ಬಂತು, ತಡೆಯಲು ಆಗಲಿಲ್ಲ. ಸಾಲಿನಲ್ಲಿ ಹಿಂದಿದ್ದ ಲಿಯೊ, "ಡಾಲಿ, ಅಳೋದಾದ್ರೆ ಪಕ್ಕಕ್ಕೆ ನಿಂತ್ಕೊಂಡು ಅಳಮ್ಮ, ನಮಗೆ ನಟ್ ರೋಲ್ ಬೇಕು," ಎಂದು ಕೂಗಿದ. ಅವಳು ಎದ್ದು ರಸ್‌ನನ್ನು ಗಲ್ಲಾದಲ್ಲಿ ಕೂರಿಸಿ, ಆ ಪುಟಕ್ಕೆ ಹೆಬ್ಬೆಟ್ಟು ಒತ್ತಿಕೊಂಡು, ಪಕ್ಕಕ್ಕೆ ನಿಂತು ಮನಸಾರೆ ಅತ್ತಳು.